ದೇರಾದ ಗಲ್ಲಿಗಳಲ್ಲಿ ಐದು ವಾಚು

ಊರಿಂದ ಹೊಸದಾಗಿ ಬಂದವರನ್ನು ಕರಕೊಂಡು ಹೋಗಿ ದೇರಾದ ಕ್ಲಾಕ್ ಟವರ್ ತೋರಿಸಿದರೆ ಯಾರಿಗೂ ಅಷ್ಟೇನೂ ಖುಷಿಯಾಗುವುದಿಲ್ಲ. ‘ಇಷ್ಟೇನಾ?’ ಅಂತಾರೆ. ಬುರ್ಜ್ ಖಲೀಫಾ ನೋಡಿದ ಕಣ್ಣಿಗೆ ಇದು ರಸ್ತೆ ನಡುವಿನ ಒಂದು ಸರ್ಕಲ್ಲು, ಬಾಗಿದ ಕಾಂಕ್ರೀಟ್ ಕಾಲುಗಳು, ಮೇಲೊಂದು ಗಡಿಯಾರ, ಅಷ್ಟೇ. ಆದರೆ ಕ್ರೀಕಿನ ಮೇಲೆ ಮೊದಲನೇ ಸೇತುವೆ, ಅಂದರೆ ಅಲ್ ಮಕ್ತೂಮ್ ಸೇತುವೆ, 1963ರಲ್ಲಿ ಆಯಿತಲ್ಲ, ಈ ಟವರೂ ಅದೇ ದಶಕದ್ದು. ಆ ಕಾಲದಲ್ಲಿ ಸೇತುವೆ ದಾಟಿ ಬಂದವನಿಗೆ ‘ದೇರಾ ಬಂತು’ ಅಂತ ಹೇಳುತ್ತಿದ್ದದ್ದು ಇದೇ.

ನಮ್ಮ ವಾಚಿನ ಗುಂಪು ಸೇರುವುದು ಇಲ್ಲಿ. ಗುಂಪು ಅಂದರೆ ಸಂಘ, ಅಧ್ಯಕ್ಷರು, ಶಾಲು-ಹಾರ ಏನೂ ಇಲ್ಲ. ಐದು ಜನ. ಎರಡು ತಿಂಗಳಿಗೊಮ್ಮೆ, ಎಲ್ಲರಿಗೂ ರಜೆ ಹೊಂದಿದರೆ, ಸಂಜೆ ಐದಕ್ಕೆ ಕ್ಲಾಕ್ ಟವರ್ ಬಳಿ ನಿಲ್ಲುತ್ತೇವೆ. ರಜೆ ಹೊಂದುವುದೇ ಕಷ್ಟ. ಮೊದಲು ಎಲ್ಲರಿಗೂ ಶುಕ್ರವಾರ ಅಂತಿತ್ತು. 2022ರ ಜನವರಿಯಲ್ಲಿ ಸರ್ಕಾರಿ ರಜೆ ಶನಿವಾರ-ಭಾನುವಾರಕ್ಕೆ ಸರಿದ ಮೇಲೆ ಕೆಲವರಿಗೆ ಭಾನುವಾರ, ಒಬ್ಬನಿಗೆ ಇವತ್ತಿಗೂ ಶುಕ್ರವಾರವೇ, ಸಿಸ್ಟರಿಗೆ ರೋಸ್ಟರ್ ಹೇಳಿದ ದಿನ.

ಗುಂಪಿಗೆ ಇರುವ ನಿಯಮ ಒಂದೇ. ದಿನಾ ಕೆಲಸಕ್ಕೆ ಕಟ್ಟಿಕೊಂಡು ಹೋಗುವ ವಾಚೇ ಕೈಲಿರಬೇಕು. ಪೆಟ್ಟಿಗೆಯಿಂದ ಒರೆಸಿ ತಂದದ್ದು ನಡೆಯಲ್ಲ. ಸೇರಿದ ಕೂಡಲೇ ಎಲ್ಲರೂ ಕೈ ಮುಂದೆ ಚಾಚಿ, ‘ಇವತ್ತು ಯಾವುದು?’ ಅಂತ ಕೇಳುತ್ತೇವೆ. ಹೆಚ್ಚಾಗಿ ಹೋದ ಸಲದ್ದೇ ಇರುತ್ತದೆ. ಆದರೂ ಕೇಳುತ್ತೇವೆ.

ಕಲಬುರಗಿ ಕಡೆಯ ಗೆಳೆಯ ಸ್ಕ್ಯಾಫೋಲ್ಡಿಂಗ್ ಕೆಲಸದವನು. ಅವನ ಕೈಲಿ ಯಾವತ್ತೂ ಕ್ಯಾಸಿಯೊ ಎಫ್-91ಡಬ್ಲ್ಯೂ. 1989ರಲ್ಲಿ ಬಂದ ಮಾಡೆಲ್ಲು, ಇವತ್ತಿಗೂ ಹೆಚ್ಚುಕಮ್ಮಿ ಅದೇ ರೂಪದಲ್ಲಿ ಸಿಗುತ್ತದೆ. ತೂಕ 21 ಗ್ರಾಂ. ಒಂದು ಸೆಲ್ ಹಾಕಿದರೆ ಸುಮಾರು ಏಳು ವರ್ಷ. ಸಿಮೆಂಟು, ಧೂಳು, ಬೆವರು ಯಾವುದಕ್ಕೂ ಜಗ್ಗಲ್ಲ. ದುಬಾರಿ ವಾಚು ಕಟ್ಟುವವರೂ ಇದರ ವಿಷಯದಲ್ಲಿ ಮಾತ್ರ ತಮಾಷೆ ಮಾಡುವುದಿಲ್ಲ.

ಅವನ ವಾಚಿನಲ್ಲಿ ಅಲಾರಂ ಸದಾ 12.30ಕ್ಕೆ ಇರುತ್ತದೆ. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಅನ್ನೋದು ನಮಗೆಲ್ಲ ಗೊತ್ತಿರುವ ಕಾನೂನು. ಅವನು ಹಿಂದೆ ಇದ್ದ ಸೈಟಿನಲ್ಲಿ ಫೋರ್‌ಮನ್ ವಾಚು 12.30ಕ್ಕೆ ಹತ್ತು ನಿಮಿಷ ಹಿಂದೆ ಇರುತ್ತಿತ್ತಂತೆ, 3 ಗಂಟೆಗೆ ಹತ್ತು ನಿಮಿಷ ಮುಂದೆ. ಇವನ ಅಲಾರಂ ಕೂಗಿದರೆ ‘ನಿನ್ನ ವಾಚು ಸರಿಯಿಲ್ಲ’ ಅಂತ ಬೈಗುಳ. ಎರಡು ದಿನ ನೋಡಿದ, ಮೂರನೇ ದಿನ ರೂಮಿನವರಿಗೆಲ್ಲ ಹೇಳಿ ಅದೇ ವಾಚು ತರಿಸಿದ. ಎಲ್ಲರದ್ದೂ ಅಲಾರಂ 12.30ಕ್ಕೆ. ‘ಒಬ್ಬಂದು ಕೂಗಿದ್ರ ಬೈತಾನ್ರಿ. ಹನ್ನೆರಡು ಕೂಡೇ ಕೂಗಿದ್ರ ಏನ್ ಮಾಡ್ತಾನ?’ ಅಂತ ಅವನ ಲೆಕ್ಕ. ಆಮೇಲೆ ಫೋರ್‌ಮನ್ ವಾಚೂ ಸರಿಯಾಯಿತಂತೆ.

ತುಮಕೂರಿನವನು ಏಸಿ ಟೆಕ್ನಿಷಿಯನ್. ಎಚ್‌ಎಂಟಿ ಜನತಾ ಕಟ್ಟುತ್ತಾನೆ. 17 ಜ್ಯುವೆಲ್ಸ್, ದಿನಾ ಬೆಳಿಗ್ಗೆ ಕೀ ಕೊಡುವ ವಾಚು. ಅವನ ಚಿಕ್ಕಮ್ಮ ತುಮಕೂರು ಫ್ಯಾಕ್ಟರಿಯಲ್ಲಿ ಜೋಡಣೆ ವಿಭಾಗದಲ್ಲಿದ್ದವರು. ಹಾಗಾಗಿ ಎಚ್‌ಎಂಟಿ ಮಾತು ಬಂದರೆ ಅವನನ್ನು ನಿಲ್ಲಿಸುವುದು ಕಷ್ಟ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದದ್ದು, 1978ರಲ್ಲಿ ತುಮಕೂರಿಗೆ ಬಂದದ್ದು, 2016ರಲ್ಲಿ ಕೇಂದ್ರ ಸರ್ಕಾರ ವಾಚು ಕಂಪನಿ ಮುಚ್ಚಲು ತೀರ್ಮಾನಿಸಿದ್ದು, ತುಮಕೂರು ಫ್ಯಾಕ್ಟರಿ ಜಾಗ ಇಸ್ರೋಗೆ ಹೋದದ್ದು, ಎಲ್ಲ ಒಂದೇ ಉಸಿರಿಗೆ ಹೇಳುತ್ತಾನೆ. ‘ನಮ್ಮೂರಲ್ಲಿ ಕೀ ಕೊಡೋ ವಾಚು ಮಾಡ್ತಿದ್ರು, ಈಗ ರಾಕೆಟ್ ಕೆಲಸ. ನಂಗೇನ್ ಬೇಜಾರಿಲ್ಲ ಕಣ್ರೀ, ಆದ್ರೆ ನಮ್ ಚಿಕ್ಕಮ್ಮಂಗೆ ಆಗುತ್ತೆ’ ಅಂತಾನೆ.

ಮಂಗಳೂರಿನ ಸಿಸ್ಟರ್ ಡ್ಯೂಟಿಯಲ್ಲಿ ಕೈಗೆ ವಾಚು ಕಟ್ಟುವ ಹಾಗೇ ಇಲ್ಲ. ಸೋಂಕು ಹರಡಬಾರದು ಅಂತ ಅವರ ವಾರ್ಡಿನಲ್ಲಿ ಮೊಣಕೈ ಕೆಳಗೆ ಏನೂ ಇರಬಾರದು. ಅದಕ್ಕೆ ಎದೆಗೆ ಪಿನ್ ಹಾಕಿ ತೂಗುಬಿಡುವ ವಾಚು. ನೋಡುವವರಿಗೆ ತಲೆಕೆಳಗು, ಬಗ್ಗಿ ನೋಡಿಕೊಳ್ಳುವ ಅವರಿಗೆ ನೇರ. ಸೆಕೆಂಡಿನ ಮುಳ್ಳು ಇರಲೇಬೇಕು, ನಾಡಿ ಎಣಿಸುವುದಕ್ಕೆ. ‘ಕೈವಾಚು ಅಲ್ಲವಲ್ಲ’ ಅಂತ ಒಮ್ಮೆ ತಕರಾರು ಬಂದಿತ್ತು. ‘ದಿನಾ ಕಟ್ಟುವುದು ತಾನೇ ನಿಯಮ? ನಾನು ದಿನಾ ಇದನ್ನೇ ನೋಡುವುದು ಮಾರಾಯ್ರೆ’ ಅಂತ ಅವರು ಅಂದ ಮೇಲೆ ತಕರಾರು ಬಿತ್ತು. ಅವರ ತಂಗಿ ಇಂಗ್ಲೆಂಡಿನಲ್ಲಿ ನರ್ಸು. ಊರಿನ ಟೈಮಿಗೆ ಇಟ್ಟ ಮುಳ್ಳಿನ ವಾಚನ್ನು ತಲೆಕೆಳಗು ಹಿಡಿದರೆ ಚಳಿಗಾಲದ ಲಂಡನ್ ಟೈಮು ಸಿಗುತ್ತದೆ, ನೋಡಿ ಬೇಕಾದರೆ. ಐದೂವರೆ ಗಂಟೆ ವ್ಯತ್ಯಾಸದ ಪುಣ್ಯ. ನಮ್ಮ ಒಂದೂವರೆ ಗಂಟೆಗೆ ಅಂಥ ಯಾವ ಉಪಾಯವೂ ಇಲ್ಲ, ಎಣಿಸಲೇಬೇಕು.

ಭಟ್ಕಳದ ಭಾಯ್ ನೈಫ್‌ನಲ್ಲಿ ಮೊಬೈಲ್ ಅಂಗಡಿಯಲ್ಲಿದ್ದಾರೆ. ಅವರದು ಸ್ಮಾರ್ಟ್ ವಾಚು. ಎಷ್ಟು ಹೆಜ್ಜೆ ನಡೆದೆವು ಅಂತ ದಾರಿಯುದ್ದಕ್ಕೂ ಹೇಳುತ್ತಿರುತ್ತಾರೆ. ಐದನೆಯವನು ನಾನು.

ಕ್ಲಾಕ್ ಟವರಿನಿಂದ ಮಕ್ತೂಮ್ ರಸ್ತೆ ಹಿಡಿದು ಯೂನಿಯನ್ ಕಡೆ ನಡೆದೆವು. ಅಕ್ಟೋಬರ್ ಬಂದರೆ ಸಾಕು, ಈ ರಸ್ತೆಗೆ ಜೀವ ಬರುತ್ತದೆ. ಬೇಸಿಗೆಯಿಡೀ ಏಸಿಯೊಳಗಿದ್ದ ಜನ ಫುಟ್‌ಪಾತಿಗೆ ಬರುತ್ತಾರೆ. ಯೂನಿಯನ್ ಮೆಟ್ರೋ ಹತ್ತಿರ ಬಂದಾಗ ಭಾಯ್ ತಮ್ಮ ಇಷ್ಟದ ಕತೆ ಮತ್ತೆ ಹೇಳಿದರು. ದುಬೈ ಮೆಟ್ರೋ ಉದ್ಘಾಟನೆ ಆದದ್ದು 2009ರ ಒಂಬತ್ತನೇ ತಿಂಗಳ ಒಂಬತ್ತನೇ ತಾರೀಕು, ರಾತ್ರಿ 9 ಗಂಟೆ 9 ನಿಮಿಷ 9 ಸೆಕೆಂಡಿಗೆ. ‘ಸೆಕೆಂಡ್ ನೋಡಿ ಮುಹೂರ್ತ ಇಡೋದು ನಮ್ಮೂರಿನ ಜೋಯಿಸರಿಂದಲೂ ಆಗಲ್ಲ’ ಅಂತ ಅವರ ಷರಾ.

ಅಲ್ಲಿಂದ ಬನಿಯಾಸ್ ಸ್ಕ್ವೇರ್. ನನ್ನ ಅಪ್ಪ ಇವತ್ತಿಗೂ ಇದನ್ನು ನಾಸರ್ ಸ್ಕ್ವೇರ್ ಅಂತಲೇ ಅನ್ನುವುದು. ಅವರು ಇಲ್ಲಿ ಇದ್ದಾಗ ಇದಕ್ಕೆ ಜಮಾಲ್ ಅಬ್ದುಲ್ ನಾಸರ್ ಅನ್ನುವ ಹಳೇ ಹೆಸರೇ ಬಾಯಲ್ಲಿತ್ತು. ಮೆಟ್ರೋ ಇರಲಿಲ್ಲ. ಶುಕ್ರವಾರ ಸಂಜೆ ಊರಿನವರನ್ನು ಹುಡುಕಬೇಕಾದರೆ ಈ ಮೈದಾನಕ್ಕೆ ಬರಬೇಕಿತ್ತಂತೆ. ಯಾರು ಊರಿಗೆ ಹೊರಟರು, ಯಾರ ಕೈಲಿ ಕಾಗದ ಕಳಿಸಬಹುದು, ಎಲ್ಲ ಇಲ್ಲೇ ತೀರ್ಮಾನ. ಈಗಲೂ ಇಲ್ಲಿ ಕೂತವರನ್ನು ನೋಡಿ. ಒಬ್ಬೊಬ್ಬರದು ಒಂದೊಂದು ಭಾಷೆ, ಕೆಲಸ ಮಾತ್ರ ಅದೇ.

ಬನಿಯಾಸ್ ಸ್ಕ್ವೇರಿನಿಂದ ಸಬ್ಖಾ, ಸಬ್ಖಾದಿಂದ ನೈಫ್ ಗಲ್ಲಿಗಳು. ವಾಚಿನವರಿಗೆ ಇದೇ ಕಾಶಿ. ಸೂಟ್‌ಕೇಸು, ಅತ್ತರು, ಕಂಬಳಿ ಅಂಗಡಿಗಳ ನಡುವೆ ಸಗಟು ವಾಚಿನ ಅಂಗಡಿಗಳು, ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ದೀಪ ಇಟ್ಟುಕೊಂಡ ರಿಪೇರಿಯವರು. ‘ಕಾಪಿ ವಾಚ್, ಕಾಪಿ ವಾಚ್’ ಅಂತ ಕಿವಿಯ ಹತ್ತಿರ ಪಿಸುಗುಟ್ಟಿ ಹೋಗುವವರೂ ಇದ್ದಾರೆ. ಭಾಯ್ ಬಂದ ಹೊಸತರಲ್ಲಿ ಹಾಗೊಬ್ಬನ ಹಿಂದೆ ಹೋಗಿ ಒಂದು ‘ರೋಲೆಕ್ಸ್’ ತಂದಿದ್ದರು. ಟೈಮು ಸರಿಮಾಡಲು ತಿರುಗಣೆ ಎಳೆದರೆ ಅದು ಕೈಗೇ ಬಂತು. ಆ ಕತೆಯನ್ನು ಅವರು ಹೇಳುವುದಿಲ್ಲ, ನಾವು ಹೇಳುತ್ತೇವೆ.

ಕಾಪಿ ಅಂತ ಗೊತ್ತಾಗದೆ ಮೋಸ ಹೋಗುವುದು ಬೇರೆ. ಹಳೇ ಸೀಕೊ 5 ವಾಚು ‘ಒರಿಜಿನಲ್, ಪಾಲಿಶ್ ಮಾಡಿದ್ದು’ ಅಂತ ಕಡಿಮೆ ಬೆಲೆಗೆ ಆನ್‌ಲೈನಿನಲ್ಲಿ ಬರುತ್ತವಲ್ಲ, ಕಿತ್ತಳೆ, ಹಸಿರು, ಕಣ್ಣು ಕುಕ್ಕುವ ನೀಲಿ ಡಯಲ್ಲು, ಅವುಗಳಲ್ಲಿ ಬಹಳಷ್ಟು ‘ಮುಂಬೈ ಸ್ಪೆಷಲ್’. ಒಂದರ ಮಷೀನು, ಇನ್ನೊಂದರ ಕೇಸು, ಡಯಲ್ಲಿಗೆ ಹೊಸ ಬಣ್ಣ. ಓಡುತ್ತವೆ, ಸುಳ್ಳಲ್ಲ. ಆದರೆ ಅದು ನೀವಂದುಕೊಂಡ ವಾಚು ಅಲ್ಲ. ಡಯಲ್ಲಿನ ಅಕ್ಷರ ದಪ್ಪವಾಗಿ ಹರಡಿಕೊಂಡಿದ್ದರೆ ಬಿಟ್ಟುಬಿಡಿ.

ಈಗ ನನ್ನ ಕೈಯ ವಾಚಿಗೆ ಬರುತ್ತೇನೆ. ಅದೂ ಸೀಕೊ 5. ನನ್ನದಲ್ಲ, ಅಪ್ಪನದು.

ಸೀಕೊ 5 ಶುರುವಾದದ್ದು 1963ರಲ್ಲಿ. ಐದು ಗುಣ ಇರಬೇಕು ಅಂತ ಆ ಹೆಸರು: ತಾನಾಗಿ ಕೀ ಆಗಬೇಕು, ವಾರ-ತಾರೀಕು ಒಂದೇ ಕಿಟಕಿಯಲ್ಲಿ ಕಾಣಬೇಕು, ನೀರು ತಡೆಯಬೇಕು, ತಿರುಗಣೆ ನಾಲ್ಕು ಗಂಟೆಯ ಜಾಗದಲ್ಲಿ ಒಳಸರಿದಿರಬೇಕು, ಕೇಸೂ ಚೈನೂ ಗಟ್ಟಿಯಿರಬೇಕು. ಸೆಲ್ ಇಲ್ಲ. ಒಳಗೆ ಅರ್ಧಚಂದ್ರದಂಥ ಒಂದು ತೂಕ ಇರುತ್ತದೆ. ಕೈ ಅಲ್ಲಾಡಿದ ಹಾಗೆ ಅದು ತಿರುಗಿ ಸ್ಪ್ರಿಂಗಿಗೆ ಕೀ ಕೊಡುತ್ತದೆ. ಬಿಚ್ಚಿಟ್ಟರೆ ಒಂದೂವರೆ ದಿನದ ಮೇಲೆ ನಿಲ್ಲುತ್ತದೆ. ಗಲ್ಫಿಗೆ ಬರುತ್ತಿದ್ದ ಸೀಕೊಗಳಲ್ಲಿ ವಾರದ ಹೆಸರು ಇಂಗ್ಲಿಷು ಮತ್ತು ಅರಬಿ ಎರಡರಲ್ಲೂ ಇರುತ್ತಿತ್ತು, ಬೇಕಾದ್ದನ್ನು ಇಟ್ಟುಕೊಳ್ಳಬಹುದು. ಅಪ್ಪ ಮೊದಲ ಸಲ ರಜೆಗೆ ಬಂದಾಗ ಅದು ಅರಬಿಯಲ್ಲಿತ್ತು. ನಾನಾಗ ಮೂರನೇ ಕ್ಲಾಸು. ನಮ್ಮ ಕುಂದಾಪುರ ಕಡೆಯ ಶಾಲೆಯಲ್ಲಿ ಅದು ಏನು ಬರೆದಿದೆ ಅಂತ ಓದಬಲ್ಲವರು ಯಾರೂ ಇರಲಿಲ್ಲ. ಅದೇ ಒಂದು ದೊಡ್ಡಸ್ತಿಕೆ.

ಅಪ್ಪ 1995ರಲ್ಲಿ ಶಟರಿಂಗ್ ಕಾರ್ಪೆಂಟರ್ ಆಗಿ ದುಬೈಗೆ ಬಂದವರು, 2006ರಲ್ಲಿ ಊರಿಗೆ ವಾಪಸು. ಸುತ್ತಿಗೆ ಹಿಡಿಯುವುದು ಬಲಗೈ, ಅದಕ್ಕೆ ವಾಚು ಎಡಗೈಗೆ. ಊರಿಗೆ ಬಂದ ಮೇಲೂ ಅದನ್ನೇ ಕಟ್ಟುತ್ತಿದ್ದರು. ‘ಮೊದಲ ಸಂಬಳದಲ್ಲಿ ತಕೊಂಡದ್ದು’ ಅಂತ ಎಲ್ಲರ ಹತ್ತಿರ ಹೇಳುವುದು. ಹೋದ ವರ್ಷದಿಂದ ಅದು ರಾತ್ರಿ ನಿಂತುಬಿಡುತ್ತಿದೆ. ಬೆಳಿಗ್ಗೆ ಎದ್ದು ನೋಡಿದರೆ ಎರಡೋ ಮೂರೋ ಗಂಟೆ ತೋರಿಸಿ ಕೂತಿರುತ್ತದೆ. ಊರಲ್ಲಿ ಒಂದು ಅಂಗಡಿಯಲ್ಲಿ ‘ಮಷೀನ್ ಹೋಗಿದೆ, ಇಡೀ ಬದಲಿಸಬೇಕು’ ಅಂದರು. ಅಪ್ಪ ಒಪ್ಪಲಿಲ್ಲ. ಈ ಸಲ ರಜೆಯಿಂದ ಬರುವಾಗ, ‘ನಾಸರ್ ಸ್ಕ್ವೇರ್ ಹತ್ರ ತೋರ್ಸ್, ಅಲ್ಲಿಯವ್ರಿಗೆ ಗೊತ್ತಾತ್’ ಅಂತ ನನ್ನ ಕೈಗೆ ಕೊಟ್ಟರು.

ನೈಫ್‌ನ ಒಂದು ಗಲ್ಲಿಯ ರಿಪೇರಿಯವರ ಹತ್ತಿರ ಅದನ್ನು ಮೊದಲೇ ಸರ್ವಿಸಿಗೆ ಕೊಟ್ಟಿದ್ದೆ. ವಯಸ್ಸಾದವರು, ಕಣ್ಣಿಗೆ ಮಸೂರ ಸಿಕ್ಕಿಸಿಯೇ ಮಾತಾಡುವವರು. ಅವರು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೊಟ್ಟರು. ಮೂರು ವಾರ ನಾನೇ ಕಟ್ಟಿದೆ, ಗೋಡೌನಿನಲ್ಲಿ ದಿನವಿಡೀ ಓಡಾಟ. ಒಂದು ಸಲವೂ ನಿಲ್ಲಲಿಲ್ಲ. ಈ ಭಾನುವಾರ ಐದೂ ಜನ ಅವರ ಮೇಜಿನ ಸುತ್ತ ನಿಂತು, ‘ಎಲ್ಲಿ ಕೆಟ್ಟಿತ್ತು?’ ಅಂತ ಕೇಳಿದೆವು. ಅವರು ‘ಕಟ್ಟೋರು ಯಾರು?’ ಅಂದರು. ಅಪ್ಪ ಅಂದೆ. ‘ಏನು ಕೆಲಸ?’ ಮನೆಯಲ್ಲೇ ಇರ್ತಾರೆ ಅಂದೆ. ಮಸೂರ ತೆಗೆದು, ‘ಘಡಿ ಕೋ ಕುಛ್ ನಹೀ ಹುವಾ’ ಅಂದು ಮುಂದಿನ ವಾಚು ಎತ್ತಿಕೊಂಡರು.

ವಾಚಿಗೆ ಏನೂ ಆಗಿರಲಿಲ್ಲ. ಹೋದ ವರ್ಷ ಅಪ್ಪನಿಗೆ ಸ್ಟ್ರೋಕ್ ಆಗಿತ್ತು. ಬಲ ಮಾತು, ಬಲಗೈ, ನಡೆಯುವುದು ಎಲ್ಲ ದೇವರ ದಯೆಯಿಂದ ಸರಿಹೋಯಿತು. ಎಡಗೈ ಮಾತ್ರ ಸೋತಿದೆ, ಜಗಲಿಯ ಕುರ್ಚಿಯ ಕೈಮೇಲೆ ಹಾಗೇ ಇರುತ್ತದೆ. ಅಮ್ಮ ದಿನಾ ಬೆಳಿಗ್ಗೆ ಅದೇ ಎಡಗೈಗೆ ವಾಚು ಕಟ್ಟುತ್ತಿದ್ದರು, ಯಾಕಂದರೆ ಅಪ್ಪ ಕಟ್ಟುವುದೇ ಎಡಗೈಗೆ. ವಾಚು ನಿಲ್ಲುವುದಕ್ಕೂ ಕೈಗೂ ಸಂಬಂಧ ಇದೆ ಅಂತ ನನಗೆ ಹೊಳೆದಿರಲೇ ಇಲ್ಲ. ವಾಚಿನ ಗುಂಪು ಬೇರೆ ಕಟ್ಟಿಕೊಂಡಿದ್ದೇನೆ!

ಗಲ್ಲಿಯ ಕೊನೆಯಲ್ಲಿ ಕರಕ್ ಚಾ ಕುಡಿಯುತ್ತ ಚರ್ಚೆ ಶುರುವಾಯಿತು. ಅಪ್ಪ ಇನ್ನು ಮೇಲೆ ದಿನಾ ಯಾವ ವಾಚು ಕಟ್ಟಬೇಕು? ತುಮಕೂರಿನವನು ಕೂಡಲೇ ‘ಕೀ ಕೊಡೋದು ಕೊಡಿಸಿ, ಕೈ ಅಲ್ಲಾಡದಿದ್ರೂ ಓಡುತ್ತೆ’ ಅಂದ. ಸಿಸ್ಟರ್ ತಲೆ ಅಲ್ಲಾಡಿಸಿದರು. ಕೀ ಕೊಡಲು ಒಂದು ಕೈ ಹಿಡಿಯಬೇಕು, ಇನ್ನೊಂದು ತಿರುಗಿಸಬೇಕು. ಭಾಯ್ ಸ್ಮಾರ್ಟ್ ವಾಚು ಅಂದರು. ಹೃದಯದ ಬಡಿತ ನೋಡುತ್ತದೆ, ಬಿದ್ದರೆ ನಿಮಗೆ ಮೆಸೇಜ್ ಬರುತ್ತದೆ. ಅದರಲ್ಲಿ ಹುರುಳಿತ್ತು. ಆದರೆ ದಿನಾ ಚಾರ್ಜಿಗೆ ಹಾಕುವುದು ಯಾರು? ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಎರಡೆರಡು ದಿನ ಇರುವುದಿಲ್ಲ. ಕಲಬುರಗಿಯವನು ತನ್ನ ಕೈಯನ್ನೇ ಮುಂದೆ ಮಾಡಿದ. ‘ಇದನ್ನ ಕಟ್ಟಿ ಮರತ್ಬಿಡ್ರಿ. ಏಳ್ ವರ್ಷ ಯಾರೂ ಮುಟ್ಟೂದ್ ಬ್ಯಾಡ.’ ಇದೇ ಸರಿ ಅಂತ ನನಗೂ ಅನಿಸಿತು. ಆದರೆ ಈ ವಾಚನ್ನು ಪೆಟ್ಟಿಗೆಗೆ ಹಾಕಿ ಅಂತ ಅಪ್ಪನಿಗೆ ಹೇಗೆ ಹೇಳುವುದು? ಹೇಳಿದರೆ ಯಾಕೆ ಅಂತಲೂ ಹೇಳಬೇಕಾಗುತ್ತದೆ.

ಸಿಸ್ಟರ್ ಅಷ್ಟು ಹೊತ್ತು ಸುಮ್ಮನಿದ್ದವರು, ‘ಬಲಗೈ ಸರಿ ಉಂಟಲ್ಲ?’ ಅಂದರು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ತಿರುಗಣೆ ನಾಲ್ಕರ ಜಾಗದಲ್ಲಿ ಒಳಸರಿದಿದೆ, ಬಲಗೈಗೆ ಕಟ್ಟಿದರೂ ಚುಚ್ಚುವುದಿಲ್ಲ. ತೊಂದರೆ ಒಂದೇ. ಬಲಗೈಗೆ ಕಟ್ಟಬೇಕಾದರೆ ಬಕಲ್ ಹಾಕುವುದು ಎಡಗೈ ಬೆರಳು. ಅದಕ್ಕೂ ಅವರ ಹತ್ತಿರ ಉತ್ತರ ಇತ್ತು. ಎಳೆದರೆ ಹಿಗ್ಗುವ ಸ್ಪ್ರಿಂಗ್ ಚೈನು ಇದೆಯಲ್ಲ, ನಮ್ಮ ಅಜ್ಜಂದಿರು ಹಾಕುತ್ತಿದ್ದದ್ದು? ಬಳೆ ಹಾಕಿದ ಹಾಗೆ ಕೈ ತೂರಿಸಿದರೆ ಆಯಿತು. ‘ಎಡಗೈ ಬೆರಳಿಗೂ ದಿನಾ ಚೂರು ಕೆಲಸ ಆಗ್ತದೆ’ ಅಂದರು. ಮತ್ತೆ ಮೇಜಿನ ಹತ್ತಿರ ಹೋದೆವು. 18 ಮಿಲಿಮೀಟರ್ ಸ್ಪ್ರಿಂಗ್ ಚೈನು ಡಬ್ಬದ ತಳದಲ್ಲಿ ಸಿಕ್ಕಿತು, 15 ದಿರಹಂ.

ಚೈನು ಹಾಕಲು ವಾಚು ಮಗುಚಿದಾಗ ತುಮಕೂರಿನವನು ಹಿಂಬದಿ ನೋಡಿ, ‘ಇದು ಯಾವ್ ಇಸವಿದು ಗೊತ್ತಾ?’ ಅಂದ. ಇದು ನಿಮಗೂ ಉಪಯೋಗಕ್ಕೆ ಬರಬಹುದು. ಸೀಕೊ ವಾಚಿನ ಹಿಂದೆ ಆರು ಅಂಕಿಯ ನಂಬರು ಇರುತ್ತದೆ. ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಕ್ಟೋಬರಿಗೆ ಸೊನ್ನೆ, ನವೆಂಬರಿಗೆ ‘ಎನ್’, ಡಿಸೆಂಬರಿಗೆ ‘ಡಿ’. ಅಪ್ಪನ ವಾಚು 84ರಿಂದ ಶುರು. ಅಂದರೆ ಎಂಟರಲ್ಲಿ ಕೊನೆಯಾಗುವ ಇಸವಿ, ಏಪ್ರಿಲ್. ಒಳಗಿನ ಮಷೀನು 7ಎಸ್26, ಅದು ಬಂದದ್ದೇ 1996ರಲ್ಲಿ. ಹಾಗಾಗಿ 1988 ಆಗುವಂತಿಲ್ಲ. 2008ಕ್ಕೆ ಅಪ್ಪ ಇಲ್ಲಿರಲೇ ಇಲ್ಲ. 1998ರ ಏಪ್ರಿಲ್ ಅಂತಾಯಿತು.

ಅಪ್ಪ ಬಂದದ್ದು 1995ರಲ್ಲಿ. ಮೊದಲ ಸಂಬಳದಲ್ಲಿ ತಕೊಂಡ ವಾಚು ತಯಾರಾದದ್ದು ಮೂರು ವರ್ಷ ಕಳೆದು!

ಗುಂಪಿನವರು ನಕ್ಕರು. ನಾನೂ ನಕ್ಕೆ. ಸಬ್ಖಾ ಅಬ್ರಾ ನಿಲ್ದಾಣದ ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಫೋನ್ ಹಚ್ಚಿದೆ. ಇಲ್ಲಿ ಏಳೂವರೆ, ಊರಲ್ಲಿ ಒಂಬತ್ತು, ಊಟ ಮುಗಿದಿರುತ್ತದೆ. ನಂಬರಿನ ಕತೆ ಹೇಳಿ, ‘ಮೊದಲ ಸಂಬಳ ಅಂತಿದ್ರಲ್ಲ?’ ಅಂತ ಕಾಲೆಳೆದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, ‘ಮೊದ್ಲ್ ಮೂರ್ ವರ್ಷದ್ ಸಂಬ್ಳ ನಂದಾ ಮಾರಾಯಾ? ಅದ್ ಏಜೆಂಟಂದ್, ಬಡ್ಡಿಯವಂದ್. ನನ್ ಮೊದ್ಲ್ ಸಂಬ್ಳ ಅದೇ’ ಅಂದರು.

ವೀಸಾಕ್ಕೆ ಸಾಲ ಮಾಡಿದ್ದು ಗೊತ್ತಿತ್ತು. ಎಷ್ಟು ವರ್ಷ ತೀರಿಸಿದರು ಅಂತ ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಮೂರು ವರ್ಷ ಊರಿಗೆ ಬರದೇ ಇದ್ದದ್ದಕ್ಕೆ ‘ಕಂಪನಿ ರಜೆ ಕೊಡ್ಲಿಲ್ಲ’ ಅಂತ ಅಮ್ಮ ಹೇಳುತ್ತಿದ್ದರು.

ಒಂದು ದಿರಹಂ ಕೊಟ್ಟು ಅಬ್ರಾ ಹತ್ತಿದೆವು. ಕ್ರೀಕಿನ ನೀರಿನ ಮೇಲೆ ಎರಡೂ ದಡದ ದೀಪ, ಡೀಸೆಲ್ ಎಂಜಿನ್ನಿನ ಸದ್ದು. ಎಂಟು ಗಂಟೆಗೆ ಕಲಬುರಗಿಯವನ ಕ್ಯಾಸಿಯೊ ಬೀಪ್ ಅಂತು. ಎಲ್ಲರೂ ತಂತಮ್ಮ ವಾಚು ನೋಡಿಕೊಂಡರು. ಜನತಾ ಎರಡು ನಿಮಿಷ ಹಿಂದೆ. ಬೆಳಿಗ್ಗೆ ಕೀ ಕೊಡುವುದು ಮರೆತೆ ಅಂತ ತುಮಕೂರಿನವನ ಸಮಜಾಯಿಷಿ. ನಾವು ನಂಬಲಿಲ್ಲ.

ವಾಚು ಈಗ ಊರು ತಲುಪಿದೆ. ಹೋದ ವಾರ ವಿಡಿಯೋ ಕಾಲಿನಲ್ಲಿ ಅಪ್ಪ ಬಲಗೈ ಎತ್ತಿ ತೋರಿಸಿದರು. ಕಿಟಕಿಯಲ್ಲಿ ವಾರ ಮತ್ತೆ ಅರಬಿಯಲ್ಲಿ ಬರುತ್ತಿದೆ. ಅದನ್ನು ಹಾಗೆ ಇಟ್ಟವನು ನಾನಲ್ಲ. ರಾತ್ರಿ ನಿಲ್ಲುವುದಿಲ್ಲವಂತೆ. ದೂರು ಒಂದೇ, ಸ್ಪ್ರಿಂಗ್ ಚೈನು ಕೈಯ ರೋಮ ಕೀಳುತ್ತದೆ. ‘ನಾಸರ್ ಸ್ಕ್ವೇರಲ್ಲಿ ಬೇರೆ ಚೈನ್ ಇರ್ಲಿಲ್ಯಾ?’ ಅಂತ ಕೇಳುತ್ತಿದ್ದರು.

ಮುಂದಿನ ಸಲ ಡಿಸೆಂಬರಿನಲ್ಲಿ ಸೇರುತ್ತೇವೆ, ರೋಸ್ಟರ್ ನೋಡಿಕೊಂಡು ದಿನ ಹೇಳುತ್ತೇವೆ. ಸಂಜೆ ಐದು, ಕ್ಲಾಕ್ ಟವರ್. ದಿನಾ ಕಟ್ಟುವುದು ಯಾವುದೇ ಇರಲಿ, ಅದನ್ನೇ ಕಟ್ಟಿಕೊಂಡು ಬನ್ನಿ. ಮನೆಯಲ್ಲಿ ಹಳೇ ಸೀಕೊ ಇದ್ದರೆ ಹಿಂದಿನ ನಂಬರು ಬರೆದುಕೊಂಡು ಬನ್ನಿ, ತುಮಕೂರಿನವನು ಓದಿ ಹೇಳುತ್ತಾನೆ. ವಾಚೇ ಕಟ್ಟದವರೂ ಬರಬಹುದು, ಚಾ ಮಾತ್ರ ಅವರ ಲೆಕ್ಕಕ್ಕೆ.